ಯಾವ ನಿಧಿಯ ನಾಣ್ಯ ಇದು?

ಮಧ್ಯಯುಗದ ಬೆಳ್ಳಿ ನಾಣ್ಯ ತಂದು ಬೆಲೆ ಕೇಳುವವರಿಗೆ ನಾನು ಮೊದಲು ಕೇಳುವುದು, ಎಲ್ಲಿ ಸಿಕ್ಕಿತು, ಜೊತೆಯಲ್ಲಿ ಏನೇನಿತ್ತು ಎಂದು. ರಾಜನ ಹೆಸರು, ತೂಕ, ಅಚ್ಚಿನ ವಿವರ ನಾಣ್ಯದಲ್ಲೇ ಇರುತ್ತವೆ. ಅದರ ಜೊತೆ ಹೂತಿದ್ದೇನು ಎಂಬುದು ಅಗೆದವರು ಹೇಳಿದರಷ್ಟೇ ತಿಳಿಯುತ್ತದೆ.

2015ರಲ್ಲಿ ಇಂಗ್ಲೆಂಡಿನಲ್ಲಿ 9ನೇ ಶತಮಾನದ ಎರಡು ನಿಧಿಗಳು ಸಿಕ್ಕವು. ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದವರು ಬೆಳ್ಳಿ ಕಂಡೊಡನೆ ಅಧಿಕಾರಿಗಳಿಗೆ ತಿಳಿಸಿದರು. ನಿಧಿಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬಿಡಿಸಲಾಯಿತು. ಸುಮಾರು 200 ನಾಣ್ಯ, ಜೊತೆಗೆ ಕಡಗ, ಬೆಳ್ಳಿಯ ಗಟ್ಟಿಗಳು. ಆಗಿನ ಇಂಗ್ಲೆಂಡಿನ ಎರಡು ರಾಜ್ಯಗಳಾದ ವೆಸೆಕ್ಸಿನ ದೊರೆ ಆಲ್ಫ್ರೆಡ್, ಮರ್ಸಿಯಾದ ದೊರೆ ಎರಡನೇ ಚೆಯೊಲ್ವುಲ್ಫ್, ಇಬ್ಬರ ಹೆಸರಲ್ಲೂ ಒಂದೇ ಬಗೆಯ ಚಿತ್ರವಿರುವ ನಾಣ್ಯಗಳು ಅದರಲ್ಲಿದ್ದವು. ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತ ಚಿತ್ರವಿರುವ ಅಪರೂಪದ ಬಗೆಯವೇ 13. ಆಲ್ಫ್ರೆಡನ ಕಡೆಯವರು ಬರೆದ ವೃತ್ತಾಂತ ಚೆಯೊಲ್ವುಲ್ಫನನ್ನು ಬುದ್ಧಿಗೇಡಿ ಎಂದು ತಳ್ಳಿಹಾಕಿತ್ತು. ಬಿಡಿ ನಾಣ್ಯವೊಂದಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಇಷ್ಟೊಂದು ಒಟ್ಟಿಗೆ ಸಿಕ್ಕಾಗ ಇಬ್ಬರೂ ಮಿತ್ರರಾಗಿ ನಾಣ್ಯ ಹೊರಡಿಸಿದ್ದರೆಂದು ಒಪ್ಪಲೇಬೇಕಾಯಿತು. 2017ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ ಇಡೀ ನಿಧಿಯನ್ನು 13.5 ಲಕ್ಷ ಪೌಂಡಿಗೆ ಕೊಂಡಿತು.

ಎರಡನೆಯದಾದ ಹೆರೆಫರ್ಡ್‌ಶೈರಿನ ನಿಧಿಯಲ್ಲೂ ಇದೇ ಇಬ್ಬರು ದೊರೆಗಳ ನಾಣ್ಯಗಳಿದ್ದವು. ಅಗೆದು ತೆಗೆದವರು ಅದನ್ನು ಅಡಗಿಸಿ ಮಾರಿಕೊಂಡರು. ಸುಮಾರು 300 ಇದ್ದಿರಬಹುದೆಂದು ಅಂದಾಜು. ಅದರಲ್ಲಿ ಮರಳಿ ಸಿಕ್ಕಿದ್ದು ಸಣ್ಣ ಪಾಲು. 2019ರಲ್ಲಿ ಅವರಿಗೆ ಜೈಲಾಯಿತು, ಚದುರಿದ ನಾಣ್ಯಗಳ ಕಥೆ ಮಾತ್ರ ಕೂಡಿಬರಲಿಲ್ಲ. ನನಗೆ ಇದು ಕಳ್ಳತನಕ್ಕಿಂತ ದೊಡ್ಡ ನಷ್ಟ.

ನಿಧಿ ಹೂತ ಕಾಲವನ್ನು ಗುರುತಿಸುವುದು ಅದರೊಳಗಿನ ಅತ್ಯಂತ ಹೊಸ ನಾಣ್ಯದಿಂದ. ಯಾರೋ ಆ ಒಂದನ್ನು ತೆಗೆದು ಮಾರಿದರೆ ಲೆಕ್ಕ ಹಲವು ವರ್ಷ ಹಿಂದಕ್ಕೆ ಸರಿದುಬಿಡುತ್ತದೆ. ನಾಣ್ಯವನ್ನು ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಉಜ್ಜಬೇಡಿ ಎಂದು ಕೈಮುಗಿದು ಕೇಳುವುದೂ ಇಂಥ ಸುಳಿವು ಉಳಿಯಲೆಂದೇ. ಉಜ್ಜಿದರೆ ಅಕ್ಷರ ಸವೆಯುತ್ತದೆ, ತೂಕ ಇಳಿಯುತ್ತದೆ, ಪಕ್ಕದ ನಾಣ್ಯ ಅಂಟಿದ್ದ ಗುರುತೂ ಅಳಿಸಿಹೋಗುತ್ತದೆ.

ಕಲಬುರಗಿ, ಬೀದರಿನ ಟಂಕಸಾಲೆಗಳಿಂದ ಹೊರಟ ಬಹಮನಿ ಬೆಳ್ಳಿ ಟಂಕಗಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲಿ ಕಾನೂನಿನ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಆದ್ದರಿಂದ ‘ಹೊಲದಲ್ಲಿ ಸಿಕ್ಕಿತು, ಯಾರಿಗೂ ಹೇಳಬೇಡಿ’ ಎಂದು ಮಾರಲು ಬಂದರೆ ಕೊಳ್ಳಬೇಡಿ. ಹಳೆಯ ಸಂಗ್ರಹದಿಂದ ಕೊಂಡರೆ ರಸೀದಿ, ಹಳೆಯ ಚೀಟಿ, ಹರಿದ ಲಕೋಟೆ ಏನಿದ್ದರೂ ನಾಣ್ಯದ ಜೊತೆಯಲ್ಲೇ ಇಡಿ. ತೂಕವನ್ನೂ ಕೊಂಡ ದಿನವನ್ನೂ ಅಂದೇ ಬರೆದಿಡಿ.