ಮಗಳಿಗೆ ಹನ್ನೊಂದು, ಚಿಯರ್‌ಲೀಡಿಂಗ್‌ಗೆ ಅಮೆರಿಕಕ್ಕೆ ಕಳಿಸಬಹುದೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ ಬರುವ ನವೆಂಬರ್‌ಗೆ ಹನ್ನೊಂದು ತುಂಬುತ್ತದೆ. ಎರಡು ವರ್ಷದಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಈಗ ಅಲ್ಲಿಯ ಸರ್ ಚಿಯರ್‌ಲೀಡಿಂಗ್ ಟೀಮ್ ಕಟ್ಟಿದ್ದಾರೆ. ಮುಂದಿನ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಇದೆಯಂತೆ, ಮಗಳು ಸೆಲೆಕ್ಟ್ ಆಗಿದ್ದಾಳೆ, ಶುಕ್ರವಾರದೊಳಗೆ ಮೊದಲ ಕಂತು ಕಟ್ಟಿ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದಿದೆ. ಇಷ್ಟು ಚಿಕ್ಕವಳನ್ನು ಆಡಲು ಬಿಡುತ್ತಾರಾ? ಖರ್ಚು ಎಲ್ಲಿಗೆ ಹೋಗಿ ಮುಟ್ಟುತ್ತದೆ? ಅವಳ ಅಪ್ಪ ಮಾತ್ರ, ‘ಐಪಿಎಲ್‌ನಲ್ಲಿ ಕುಣಿಯೋದು ನಮಗೆ ಬೇಡ’ ಅನ್ನುತ್ತಿದ್ದಾರೆ.

ಉತ್ತರ: ಶುಕ್ರವಾರ ಹಣ ಕಟ್ಟಬೇಡಿ. ಒಂದು ವಾರ ಕೇಳಿಕೊಳ್ಳಿ. ನಿಜವಾದ ಆಯ್ಕೆಯಾಗಿದ್ದರೆ ಒಂದು ವಾರದಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಅಪ್ಪನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನರಿಗೆ ಈ ಪದ ಕೇಳಿದ ಕೂಡಲೇ ನೆನಪಾಗುವುದು ಅದೇ. 2008ರ ಮೊದಲ ಐಪಿಎಲ್‌ಗೆ ಬೆಂಗಳೂರು ತಂಡದವರು ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆಸಿದ್ದರು. ಬೌಂಡರಿ ಗೆರೆಯ ಆಚೆಯ ಆ ಕುಣಿತವೇ ನಮ್ಮ ಕಣ್ಣಲ್ಲಿ ಕೂತುಬಿಟ್ಟಿದೆ. ನಿಮ್ಮ ಮಗಳು ಕಲಿಯುತ್ತಿರುವುದು ಬೇರೆಯೇ ಆಟ. ಇಲ್ಲಿ ಹುರಿದುಂಬಿಸಲು ಬೇರೆ ತಂಡವೇ ಇರುವುದಿಲ್ಲ. 54 ಅಡಿ ಅಗಲ, 42 ಅಡಿ ಉದ್ದದ ಮ್ಯಾಟಿನ ಮೇಲೆ ಎರಡೂವರೆ ನಿಮಿಷದೊಳಗೆ ಪಲ್ಟಿ, ಎತ್ತುವಿಕೆ, ಮಾನವ ಗೋಪುರ, ಕುಣಿತ ಎಲ್ಲವನ್ನೂ ಮಾಡಿ ತೋರಿಸಬೇಕು. ತೀರ್ಪುಗಾರರು ಅಂಕ ಕೊಡುತ್ತಾರೆ, ತಪ್ಪಿದರೆ ಕಳೆಯುತ್ತಾರೆ. ಇದರ ವಿಶ್ವ ಸಂಸ್ಥೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ 2016ರಲ್ಲಿ ತಾತ್ಕಾಲಿಕ ಮಾನ್ಯತೆ, 2021ರ ಜುಲೈನಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು. ಮಾನ್ಯತೆ ಸಿಕ್ಕಿತೆಂದು ಆಟವೇ ಒಲಿಂಪಿಕ್ಸ್‌ಗೆ ಸೇರಿದ ಹಾಗಾಗಲಿಲ್ಲ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ನಮ್ಮ ಕ್ರಿಕೆಟ್ ಇದೆ, ಚಿಯರ್‌ಲೀಡಿಂಗ್ ಇಲ್ಲ. ‘ಒಲಿಂಪಿಕ್ ಆಟ’ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ಇದು ನೆನಪಿರಲಿ.

ಇನ್ನು ‘ವರ್ಲ್ಡ್ ಚಾಂಪಿಯನ್‌ಶಿಪ್’ ಎಂಬ ಮಾತು. ಅಮೆರಿಕದ ಒರ್ಲಾಂಡೊದಲ್ಲಿ ಏಪ್ರಿಲ್ ಹೊತ್ತಿಗೆ ಎರಡು ದೊಡ್ಡ ಸ್ಪರ್ಧೆಗಳು ನಡೆಯುತ್ತವೆ. ಒಂದು ಚಿಯರ್ ಯೂನಿಯನ್ನಿನದು. ಅಲ್ಲಿ ದೇಶದ ಹೆಸರಿನಲ್ಲಿ ರಾಷ್ಟ್ರೀಯ ತಂಡಗಳು ಆಡುತ್ತವೆ, ಆಯಾ ದೇಶದ ಒಕ್ಕೂಟ ಕಳಿಸಬೇಕು. ಇನ್ನೊಂದು ಕ್ಲಬ್ ತಂಡಗಳದು. ಅದಕ್ಕೆ ಬೇರೆ ಸ್ಪರ್ಧೆಗಳಲ್ಲಿ ಆಡಿ ‘ಬಿಡ್’, ಅಂದರೆ ಪ್ರವೇಶದ ಅರ್ಹತೆ, ಗೆಲ್ಲಬೇಕು. ಇವೆರಡರ ಹೊರಗೆ, ಹೆಸರಿನಲ್ಲಿ ‘ವರ್ಲ್ಡ್’ ಇಟ್ಟುಕೊಂಡ ಖಾಸಗಿ ಉತ್ಸವಗಳೂ ಇರುತ್ತವೆ. ಶುಲ್ಕ ಕಟ್ಟಿದವರಿಗೆಲ್ಲ ಅಲ್ಲಿ ಪ್ರವೇಶ. ಮಕ್ಕಳು ಹೋಗಿ ಆಡಿ ಬರುವುದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ‘ಸೆಲೆಕ್ಟ್ ಆಗಿದ್ದಾಳೆ’ ಎನ್ನುವ ಮಾತು ಸಲ್ಲದು. ನಿಮ್ಮ ಎರಡು ಪ್ರಶ್ನೆಗಳಿಗೂ, ವಯಸ್ಸಿನದಕ್ಕೂ ಖರ್ಚಿನದಕ್ಕೂ, ಉತ್ತರ ಇರುವುದು ಈ ಒಂದೇ ಸಂಗತಿಯಲ್ಲಿ: ಯಾರ ಸ್ಪರ್ಧೆ, ಯಾವ ವಿಭಾಗ? ಸರ್ ಇದನ್ನು ಬರೆದು ಕೊಡಲಿ.

ವಯಸ್ಸಿನ ಲೆಕ್ಕ ನಾವು ಅಂದುಕೊಳ್ಳುವ ಹಾಗಿಲ್ಲ. ನಮಗೆ ಹುಟ್ಟುಹಬ್ಬದ ದಿನ ಮುಖ್ಯ. ಕ್ರೀಡಾ ಸಂಸ್ಥೆಗಳಿಗೆ ಬಹುಮಟ್ಟಿಗೆ ಹುಟ್ಟಿದ ವರ್ಷ ಮುಖ್ಯ. ಜಿಮ್ನಾಸ್ಟಿಕ್ಸನ್ನೇ ನೋಡಿ: ವಿಶ್ವ ಮಟ್ಟದ ಸೀನಿಯರ್ ಸ್ಪರ್ಧೆಯಲ್ಲಿ ಆಡಲು ಹುಡುಗಿಗೆ ಆ ಕ್ಯಾಲೆಂಡರ್ ವರ್ಷದಲ್ಲಿ 16 ತುಂಬಬೇಕು, ಹುಡುಗನಿಗೆ 18. ಡಿಸೆಂಬರ್ 31ಕ್ಕೆ ಹುಟ್ಟಿದವಳು ಒಳಗೆ, ಮರುದಿನ ಜನವರಿ 1ಕ್ಕೆ ಹುಟ್ಟಿದವಳು ಇನ್ನೊಂದು ವರ್ಷ ಹೊರಗೆ. ಐಸ್ ಸ್ಕೇಟಿಂಗ್‌ನಲ್ಲಿ ಗೆರೆ ಜುಲೈ 1ಕ್ಕೆ ಬೀಳುತ್ತದೆ. ಅಲ್ಲಿ 15 ಇದ್ದ ಸೀನಿಯರ್ ಮಿತಿಯನ್ನು 2022ರಲ್ಲಿ ನಿರ್ಧಾರ ಮಾಡಿ, ಹಂತ ಹಂತವಾಗಿ 17ಕ್ಕೆ ಏರಿಸಿದರು. ಚಿಯರ್‌ಲೀಡಿಂಗ್‌ನಲ್ಲಿ ಟೈನಿ, ಮಿನಿ, ಯೂತ್, ಜೂನಿಯರ್, ಸೀನಿಯರ್, ಓಪನ್ ಎಂದು ವಿಭಾಗಗಳಿವೆ. ಯಾವ ವರ್ಷ ಹುಟ್ಟಿದವರು ಎಲ್ಲಿ ಆಡಬಹುದು ಎಂಬ ಪಟ್ಟಿ ಸೀಸನ್‌ಗೊಮ್ಮೆ ಹೊಸದಾಗಿ ಬರುತ್ತದೆ. ಕೆಲವಕ್ಕೆ ಕೆಳಗಿನ ಮಿತಿ ಮಾತ್ರವಲ್ಲ, ಮೇಲಿನ ಮಿತಿಯೂ ಇರುತ್ತದೆ. ಹೋದ ವರ್ಷದ ಪಟ್ಟಿ ಹಿಡಿದು ಮಾತಾಡುವವರನ್ನು ನಂಬಬೇಡಿ.

ನಿಮ್ಮ ಮಗಳಿಗೆ ಏಪ್ರಿಲ್‌ನಲ್ಲಿ ಹನ್ನೊಂದು. ಆ ವರ್ಷ ಮುಗಿಯುವುದರೊಳಗೆ ಹನ್ನೆರಡು. ಕ್ಲಬ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಯೂತ್ ವಿಭಾಗ ಅವಳಿಗೆ ಹೊಂದುತ್ತದೆ. ಸೀನಿಯರ್ ರಾಷ್ಟ್ರೀಯ ತಂಡದಲ್ಲಿ ಹನ್ನೊಂದರ ಹುಡುಗಿಗೆ ಜಾಗವೇ ಇಲ್ಲ. ‘ದೊಡ್ಡವರ ಟೀಮಿನಲ್ಲಿ ಅಡ್ಜಸ್ಟ್ ಮಾಡ್ತೀವಿ’ ಎಂದರೆ ಅಲ್ಲೇ ನಿಲ್ಲಿಸಿ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ವಯಸ್ಸಿನ ಜೊತೆ ಹಂತವೂ ಇರುತ್ತದೆ, 1ರಿಂದ 7. ಮೊದಲ ಹಂತದಲ್ಲಿ ಎರಡೂ ಕಾಲು ಊರಿ ನಿಂತವಳನ್ನು ಭುಜದ ಎತ್ತರಕ್ಕೆ ಮಾತ್ರ ಎತ್ತಬಹುದು. ಎರಡನೆಯದರಲ್ಲಿ ಕೈ ಪೂರ್ತಿ ಚಾಚಿ ತಲೆಯ ಮೇಲೆ. ಗಾಳಿಗೆ ಎಸೆದು ಪಲ್ಟಿ ಹೊಡೆಸುವುದೆಲ್ಲ ಬಹಳ ಮೇಲಿನ ಹಂತದ್ದು, ಅವು ಪುಟ್ಟ ಮಕ್ಕಳಿಗೆ ತೆರೆದೇ ಇಲ್ಲ. ಎತ್ತಿಸಿಕೊಳ್ಳುವವಳು ಫ್ಲೈಯರ್, ಕೆಳಗೆ ಹಿಡಿಯುವವರು ಬೇಸ್, ಬೆನ್ನ ಹಿಂದೆ ನಿಂತು ಕಾಯುವವಳು ಬ್ಯಾಕ್‌ಸ್ಪಾಟ್. ಮುಲುಂಡಿನ ಒಂದು ಹಾಲ್‌ನಲ್ಲಿ ನನ್ನ ಅಣ್ಣನ ಮಗಳ ಪ್ರಾಕ್ಟೀಸ್ ನೋಡುತ್ತಾ ಕೂತಿದ್ದೆ. ಅವಳನ್ನು ಎತ್ತಿದ ಇಬ್ಬರು ಹುಡುಗಿಯರ ಮಣಿಕಟ್ಟಿಗೆ ಕಂದು ಟೇಪ್ ಸುತ್ತಿತ್ತು. ಮೇಲಿದ್ದವಳ ಪಾದ ನಡುಗಿತು. ಹಿಂದಿದ್ದವಳ ಕಣ್ಣು ಆ ಕ್ಷಣಕ್ಕೆ ನೀರಿನ ಬಾಟಲಿಯ ಕಡೆ ಹೋಗಿತ್ತು. ಮಗು ಪಕ್ಕಕ್ಕೆ ಜಾರಿ, ಮ್ಯಾಟ್ ಮುಗಿದು ನೆಲ ಶುರುವಾಗುವ ಅಂಚಿನಲ್ಲಿ ಬಿತ್ತು. ಏನೂ ಆಗಲಿಲ್ಲ. ಆದರೆ ಆ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಮುಂಬಯಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಮೊಸರುಕುಡಿಕೆ ನೋಡಿ ಬೆಳೆದ ನಮಗೂ ಮಾನವ ಗೋಪುರ ಕಟ್ಟಿ ಮಡಕೆ ಒಡೆಯುವ ಮುಂಬಯಿಯ ದಹಿಹಂಡಿ ಮೊದಲ ಸಲ ಎದೆ ನಡುಗಿಸುತ್ತದೆ. ಜೋಗೇಶ್ವರಿಯ ಜೈ ಜವಾನ್ ಗೋವಿಂದಾ ಪಥಕ ಎಂಬ ತಂಡ 2012ರಲ್ಲಿ ಠಾಣೆಯಲ್ಲಿ ಒಂಬತ್ತು ಅಂತಸ್ತು ಕಟ್ಟಿ 43.79 ಅಡಿ ಮುಟ್ಟಿತ್ತು. ತುದಿಗೆ ಹತ್ತಿಸುವುದು ಗುಂಪಿನಲ್ಲೇ ಹಗುರವಾದ ಮಗುವನ್ನು. ಬಾಂಬೆ ಹೈಕೋರ್ಟ್ 2014ರಲ್ಲಿ 18ರ ಒಳಗಿನವರು ಹತ್ತಬಾರದು, ಗೋಪುರ 20 ಅಡಿ ಮೀರಬಾರದು ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಬಂದು, 2017ರಲ್ಲಿ ಎತ್ತರದ ಮಿತಿ ಹೋಯಿತು, 14ರ ಒಳಗಿನವರು ಬೇಡ ಎಂಬುದು ಉಳಿಯಿತು. ಚಿಯರ್‌ಲೀಡಿಂಗ್‌ನಲ್ಲಿ ಅತಿ ದೊಡ್ಡವರ ವಿಭಾಗದಲ್ಲೂ ಗೋಪುರ ಎರಡೂವರೆ ಆಳೆತ್ತರ ದಾಟುವಂತಿಲ್ಲ. ಅಲ್ಲೂ ಇಲ್ಲೂ ಪ್ರಲೋಭನೆ ಒಂದೇ: ಚಿಕ್ಕದು, ಹಗುರ, ಮೇಲೆ ಹತ್ತಿಸೋಣ. ವಯಸ್ಸಿನ ನಿಯಮ ಅದಕ್ಕೆ ಅಡ್ಡ ನಿಲ್ಲುತ್ತದೆ. ಅದು ನಿಮ್ಮ ಮಗಳ ಪರ ಇರುವ ನಿಯಮ.

ಕಾಗದಪತ್ರದಲ್ಲಿ ವರ್ಷ ತಿದ್ದುವ ಮಾತು ಬಂದರೆ ಕಿವಿಗೇ ಹಾಕಿಕೊಳ್ಳಬೇಡಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚೀನಾದ ಜಿಮ್ನಾಸ್ಟ್ ಡಾಂಗ್ ಫಾಂಗ್‌ಶಿಯಾವೊ 1983ರಲ್ಲಿ ಹುಟ್ಟಿದವಳೆಂದು ಆಡಿದ್ದಳು. ಎಂಟು ವರ್ಷದ ಮೇಲೆ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಧಿಕಾರಿಯಾಗಿ ಕೆಲಸ ಮಾಡಲು ಕೊಟ್ಟ ದಾಖಲೆಯಲ್ಲಿ 1986 ಎಂದಿತ್ತು. 2010ರಲ್ಲಿ ಇಡೀ ತಂಡದ ಕಂಚು ಹೋಯಿತು. ಅವಳೊಬ್ಬಳದಲ್ಲ, ಜೊತೆಗೆ ಆಡಿದ ಎಲ್ಲರದೂ.

ಈಗ ಖರ್ಚು. ಅಂಕಿ ಕೇಳುವ ಮೊದಲು ಬಿಡ್ ಯಾವ ಬಗೆಯದೆಂದು ಕೇಳಿ. ಕ್ಲಬ್ ಸ್ಪರ್ಧೆಯಲ್ಲಿ ಮೂರು ಬಗೆ: ಪೂರ್ತಿ ಖರ್ಚು ಕೊಡುವುದು, ಅರ್ಧಂಬರ್ಧ ಕೊಡುವುದು, ಬರಿಯ ಅರ್ಹತೆ ಮಾತ್ರ ಕೊಡುವುದು. ಮೂರನೆಯದಾದರೆ ಎಲ್ಲವೂ ನಿಮ್ಮ ಕೈಯಿಂದಲೇ. ವಿಮಾನ ಟಿಕೆಟ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದಿರುವುದು ಬೇರೆ. ಎಷ್ಟೋ ಸ್ಪರ್ಧೆಗಳಲ್ಲಿ ಆಯೋಜಕರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಷರತ್ತು ಇರುತ್ತದೆ. ನಿಮ್ಮ ಭಾವನೆಂಟರ ಮನೆ ಊರಲ್ಲೇ ಇದ್ದರೂ ಉಪಯೋಗವಿಲ್ಲ. ಇದು ಬರೀ ನಮ್ಮ ಗೋಳಲ್ಲ. ಅಮೆರಿಕದ ಪೋಷಕರೇ ಇಂಥ ಷರತ್ತು, ಏರಿದ ಬೆಲೆ, ಏಕಸ್ವಾಮ್ಯದ ವಿರುದ್ಧ ಚಿಯರ್‌ಲೀಡಿಂಗ್ ಸ್ಪರ್ಧೆಗಳನ್ನು ನಡೆಸುವ ವಾರ್ಸಿಟಿ ಕಂಪನಿಯ ಮೇಲೆ ಕೋರ್ಟಿಗೆ ಹೋದರು. 2024ರಲ್ಲಿ ಕಂಪನಿ ಆರೋಪ ಒಪ್ಪದೆ 8.25 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಕೋಚ್‌ಗಳ ಟಿಕೆಟ್, ರೂಮು, ಊಟ ಮಕ್ಕಳ ತಲೆಯ ಮೇಲೆ ಹಂಚಿಹೋಗುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು ಎಂದು ಎಣಿಸಿ. ನಮ್ಮ ಮನೆಯ ಹುಡುಗಿ ಹೋದಾಗ ಮೂರನೇ ಕಂತು ಕಟ್ಟಿದ ಮೇಲೆ ತಿಳಿಯಿತು, ಒಬ್ಬ ಕೋಚ್‌ನ ಹೆಂಡತಿಯ ಟಿಕೆಟ್ಟೂ ನಮ್ಮ ಪಾಲಿನಲ್ಲಿತ್ತು. ರಸೀದಿಯಲ್ಲಿ ಬರೆದಿದ್ದದ್ದು ‘ಟೂರ್’ ಎಂಬ ಒಂದೇ ಪದ. ಹೋಗಿ ನೋಡಿದರೆ ಅದು ಹಣ ಕಟ್ಟಿದವರೆಲ್ಲ ಆಡುವ ಉತ್ಸವ. ಅಣ್ಣ ಏನೂ ಅನ್ನಲಿಲ್ಲ. ಅತ್ತಿಗೆ ಆ ರಸೀದಿಯನ್ನು ಇನ್ನೂ ಬಿಸಾಡಿಲ್ಲ.

ಯೂನಿಫಾರ್ಮ್, ಶೂ, ತಲೆಯ ರಿಬ್ಬನ್ ಪ್ರತಿ ಸ್ಪರ್ಧೆಗೆ ಹೊಸದು ಬೇಕೆನ್ನುವವರಿದ್ದಾರೆ. ಹಾಡಿಗೂ ಹಣ ಬೇಕು: ಸಿನಿಮಾ ಹಾಡು ಕತ್ತರಿಸಿ ಅಂಟಿಸಿದ ಮಿಕ್ಸ್ ಅಮೆರಿಕದ ಸ್ಪರ್ಧೆಗಳಲ್ಲಿ ನಡೆಯದು, ಪರವಾನಗಿ ಇರುವ ಸಂಗೀತವೇ ಬೇಕು. ಅಮೆರಿಕದ ಸಂದರ್ಶಕ ವೀಸಾಕ್ಕೆ 2023ರ ಜೂನ್‌ನಿಂದ ಅರ್ಜಿ ಶುಲ್ಕವೇ ತಲೆಗೆ 185 ಡಾಲರ್. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ ಬೇಡ ಎಂದರೆ ಆ ಹಣ ವಾಪಸ್ ಬರುವುದಿಲ್ಲ. ಅಷ್ಟು ಪುಟ್ಟವಳ ಜೊತೆ ನೀವೂ ಹೋಗುವಿರಾದರೆ ಎಲ್ಲವನ್ನೂ ಎರಡರಿಂದ ಗುಣಿಸಿ. ಟೂರ್ ಪ್ಯಾಕೇಜಾದರೆ ಮೇಲೆ ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲಾಗುವ ತೆರಿಗೆ) ಬೀಳುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಕೈಯಿಂದ ಮೊದಲು ಹೋಗಿಯೇ ಹೋಗುತ್ತದೆ. ಪ್ರವಾಸ ವಿಮೆ ತೆಗೆಯುವಾಗ ಸ್ಪರ್ಧೆಯಲ್ಲಿ ಆದ ಗಾಯವೂ ಸೇರಿದೆಯೇ ಎಂದು ಬರಹದಲ್ಲೇ ಕೇಳಿ. ಅಮೆರಿಕದ ಆಸ್ಪತ್ರೆಯಲ್ಲಿ ಮುರಿದ ಕೈಗೆ ಪ್ಲಾಸ್ಟರ್ ಹಾಕಿಸುವ ಖರ್ಚಿನ ಮುಂದೆ ಉಳಿದ ಲೆಕ್ಕವೆಲ್ಲ ಸಣ್ಣದು.

ಹಣ ವಾಪಸಾತಿಯ ಮಾತು ಈಗಲೇ ಆಗಲಿ. ಇದು ಒಬ್ಬರಾಡುವ ಆಟವಲ್ಲ. ಒಬ್ಬ ಬೇಸ್ ಹಿಂದೆ ಸರಿದರೆ ನಾಲ್ವರ ಗುಂಪೇ ಒಡೆಯುತ್ತದೆ, ಆದ್ದರಿಂದ ಕಡೇ ಗಳಿಗೆಯಲ್ಲಿ ಬಿಟ್ಟವರಿಗೆ ಕ್ಲಾಸಿನವರು ಹಣ ಕೊಡಲು ಒಪ್ಪುವುದಿಲ್ಲ. ಅದರಲ್ಲಿ ಅವರ ಕಷ್ಟವೂ ಇದೆ. ಆದರೆ ವೀಸಾ ಸಿಗದಿದ್ದರೆ, ಮಗುವಿಗೆ ಪೆಟ್ಟಾದರೆ, ವಯಸ್ಸಿನ ಪಟ್ಟಿಯಲ್ಲಿ ಅವಳು ಕೂರದಿದ್ದರೆ ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಮೊದಲ ಕಂತಿಗೆ ಮುಂಚೆ ಬರೆದುಕೊಡಬೇಕು. ಕೊಡದಿದ್ದರೆ ಈ ವರ್ಷ ಬಿಡಿ. ಪುಣೆಯಲ್ಲೋ ಮುಂಬಯಿಯಲ್ಲೋ ನಡೆಯುವ ಸ್ಪರ್ಧೆಯಲ್ಲಿ, ತನ್ನ ವಯಸ್ಸಿನವರ ಜೊತೆ ಒಂದು ಸೀಸನ್ ಆಡಲಿ.

ಒಂದು ಕೆಲಸ ಮಾತ್ರ ಈ ತಿಂಗಳೇ ಮಾಡಿ: ಅವಳ ಪಾಸ್‌ಪೋರ್ಟ್. ಚಿಕ್ಕವರಿಗೆ ಮಾಮೂಲಿ ಶುಲ್ಕ ₹1,000, ಐದು ವರ್ಷ ನಡೆಯುತ್ತದೆ, ಅಪ್ಪ–ಅಮ್ಮ ಇಬ್ಬರೂ ಸಹಿ ಮಾಡಬೇಕು. ಸಹಿ ಹಾಕುವ ಹೊತ್ತಿಗೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರವನ್ನೂ ಹುಟ್ಟಿದ ವರ್ಷವನ್ನೂ ಹೋಲಿಸಿ ನೋಡಿ. ತಪ್ಪಿದ್ದರೆ ತಿದ್ದಿಸಲು ನಿಮಗೆ ಇನ್ನೂ ಸಮಯವಿದೆ.