ಮೆಕ್ಯಾನಿಕಲ್ ಲೈಸೆನ್ಸ್ ಅಂದ್ರೆ ಏನು?

ಬೇರೆಯವರು ಬರೆದು ಟ್ಯೂನ್ ಹಾಕಿದ ಹಾಡನ್ನ ನಾವು ಹೊಸದಾಗಿ ಹಾಡಿ, ನುಡಿಸಿ, ರೆಕಾರ್ಡ್ ಮಾಡಿ ರಿಲೀಸ್ ಮಾಡೋಕೆ ಬೇಕಾದ ಪರ್ಮಿಶನ್ನೇ ಮೆಕ್ಯಾನಿಕಲ್ ಲೈಸೆನ್ಸ್. ಹಾಡಿಗೂ ಮೆಷಿನ್‌ಗೂ ಏನು ಸಂಬಂಧ ಅನ್ಸುತ್ತೆ ಅಲ್ವಾ? ಹಿಂದೆ ತೂತು ಹೊಡೆದ ಪೇಪರ್ ಸುರುಳಿ ಹಾಕಿದ್ರೆ ತಾನಾಗೇ ನುಡಿಯೋ ಪಿಯಾನೋ ಇತ್ತು, ಸುರುಳಿ ಮಾರೋ ಕಂಪನಿಯವರು ಹಾಡು ಮಾಡಿದವರಿಗೆ ದುಡ್ಡು ಕೊಡ್ತಿರ್ಲಿಲ್ಲ, ಕೇಸ್ ಆಗಿ 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸುರುಳಿ ಅನ್ನೋದು ಹಾಡಿನ ಕಾಪಿನೇ ಅಲ್ಲ ಅಂದ್ಬಿಡ್ತು. ಮಾರನೇ ವರ್ಷವೇ ಹೊಸ ಕಾನೂನು ಬಂದು ಯಂತ್ರದಲ್ಲಿ ನುಡಿಸೋ ಪ್ರತಿಗೂ ರಾಯಲ್ಟಿ, ಅಂದ್ರೆ ಹಾಡಿನ ಹಕ್ಕಿರೋರಿಗೆ ಕೊಡೋ ದುಡ್ಡು, ಕಡ್ಡಾಯ ಆಯ್ತು. ಆ ಹೆಸರೇ ಇವತ್ತಿಗೂ ಉಳ್ಕೊಂಡಿದೆ.

ಇಲ್ಲಿ ಮುಖ್ಯವಾಗಿ ತಿಳ್ಕೋಬೇಕಾದ್ದು, ಒಂದು ಹಾಡಲ್ಲಿ ಎರಡು ಬೇರೆ ಬೇರೆ ಹಕ್ಕಿರುತ್ತೆ. ಸಾಹಿತ್ಯ ಮತ್ತು ಟ್ಯೂನ್‌ದು ಒಂದು, ಅದನ್ನ ರೆಕಾರ್ಡ್ ಮಾಡಿದ ಮಾಸ್ಟರ್‌ದು, ಅಂದ್ರೆ ಮೂಲ ರೆಕಾರ್ಡಿಂಗ್‌ದು ಇನ್ನೊಂದು. ಮೆಕ್ಯಾನಿಕಲ್ ಲೈಸೆನ್ಸ್ ಮೊದಲನೇದಕ್ಕೆ ಮಾತ್ರ. ಹಾಗಾಗಿ ಗಿಟಾರ್ ನೀವೇ ನುಡಿಸಿ ಹಾಡಿದ್ರೆ ಸರಿ, ಆದ್ರೆ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಕರೋಕೆ ಟ್ರ್ಯಾಕ್ ಮೇಲೆ ಹಾಡಿದ್ರೆ ಆ ಟ್ರ್ಯಾಕ್ ಮಾಡಿದವರನ್ನೂ ಕೇಳ್ಬೇಕು, ತುಂಬಾ ಜನ ಎಡವೋದು ಇಲ್ಲೇ.

ರೂಲ್ಸ್ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಹಾಡು ಒಂದ್ಸಲ ಅಧಿಕೃತವಾಗಿ ರಿಲೀಸ್ ಆದ್ಮೇಲೆ ನಿಯಮದ ಪ್ರಕಾರ ನೋಟಿಸ್ ಕೊಟ್ಟು ನಿಗದಿ ರೇಟ್ ಕಟ್ಟಿದ್ರೆ ಮಾಲೀಕರು ಬೇಡ ಅನ್ನೋ ಹಾಗಿಲ್ಲ, 2025ರಲ್ಲಿ 5 ನಿಮಿಷದೊಳಗಿನ ಹಾಡಿಗೆ ಪ್ರತಿ ಸಿಡಿ ಅಥವಾ ಡೌನ್‌ಲೋಡ್‌ಗೆ 12.7 ಸೆಂಟ್ ಇತ್ತು. ಭಾರತದಲ್ಲಿ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 31ಸಿ ಇದೆ. ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು 5 ವರ್ಷ ಕಳೀಬೇಕು, ಮೊದಲೇ ನೋಟಿಸ್ ಕೊಡ್ಬೇಕು, ವರ್ಷಕ್ಕೆ ಕನಿಷ್ಠ 50,000 ಕಾಪಿ ಲೆಕ್ಕದಲ್ಲಿ ರಾಯಲ್ಟಿ ಕಟ್ಬೇಕು. ಮನೇಲಿ ಕೂತು ಹಾಡೋ ಹೊಸಬರಿಗೆ ಇದು ನಿಜಕ್ಕೂ ಭಾರ, ಅದಕ್ಕೆ ನೇರವಾಗಿ ಮಾಲೀಕರ ಹತ್ರ ಮಾತಾಡಿ ಬರವಣಿಗೆಯಲ್ಲಿ ಒಪ್ಪಿಗೆ ತಗೊಳೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನು ವಿಡಿಯೋ. ಮೆಕ್ಯಾನಿಕಲ್ ಲೈಸೆನ್ಸ್ ಆಡಿಯೋಗೆ ಮಾತ್ರ, ಹಾಡಿಗೆ ದೃಶ್ಯ ಸೇರಿಸಿದ್ರೆ ಸಿಂಕ್ ಲೈಸೆನ್ಸ್ ಅಂತ ಬೇರೆನೇ ಬೇಕು, ಅದಕ್ಕೆ ನಿಗದಿ ರೇಟ್ ಇಲ್ಲ, ಮಾಲೀಕರು ಆಗಲ್ಲ ಅಂದ್ರೆ ಮುಗೀತು. ಯೂಟ್ಯೂಬ್‌ನಲ್ಲಿ ಎಷ್ಟೋ ಕವರ್‌ಗಳು, ಅಂದ್ರೆ ಬೇರೆಯವರ ಹಾಡನ್ನ ಹೊಸದಾಗಿ ಹಾಡಿದ ವಿಡಿಯೋಗಳು, ಹಾಗೇ ಇರೋದು ಮಾಲೀಕರು ಕಂಟೆಂಟ್ ಐಡಿ (ತಮ್ಮ ಹಾಡು ಯಾವ ವಿಡಿಯೋದಲ್ಲಿದೆ ಅಂತ ಗುರುತಿಸೋ ಯೂಟ್ಯೂಬ್‌ನ ವ್ಯವಸ್ಥೆ) ಮೂಲಕ ಜಾಹೀರಾತಿನ ದುಡ್ಡು ತಾವು ತಗೊಂಡು ವಿಡಿಯೋ ಇರಲಿ ಅಂತ ಬಿಟ್ಟಿರೋದ್ರಿಂದ, ನಾಳೆ ತೆಗೀರಿ ಅಂದ್ರೆ ತೆಗೀಲೇಬೇಕು. ಸಾಹಿತ್ಯ ಬದಲಾಯಿಸಿದ್ರೂ, ಬೇರೆ ಭಾಷೆಗೆ ಅನುವಾದ ಮಾಡಿ ಹಾಡಿದ್ರೂ ಅದು ಕವರ್ ಅಲ್ಲ, ಅದಕ್ಕೂ ಬೇರೆ ಒಪ್ಪಿಗೆ ಬೇಕು.