ಪಿಕಪ್ ಕ್ಯಾನೊಪಿಯನ್ನು ಸೂರಿಗೆ ತೂಗುಹಾಕುವ ಮುನ್ನ

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರಲ್ಲಿ ಡಬಲ್ ಕ್ಯಾಬಿನ್ ಪಿಕಪ್ ಇಟ್ಟುಕೊಂಡವರಿದ್ದಾರೆ. ಸಂಸಾರ ಸಮೇತ ದೂರದ ಊರಿಗೆ ಹೊರಟಾಗ ಹಿಂದಿನ ಟ್ರೇ ಮೇಲೆ ಫೈಬರ್ ಕ್ಯಾನೊಪಿ, ಅಂದರೆ ಟ್ರೇಯನ್ನು ಮುಚ್ಚುವ ಗೂಡು, ಇರಬೇಕು. ಕೊಯ್ಲಿನ ಕಾಲಕ್ಕೆ ಗೊನೆ, ಗೊಬ್ಬರ, ಮೇವು ಹೇರಲು ಅದನ್ನು ಕಳಚಬೇಕು. ಕಳಚಿದ ಮೇಲೆ ಐದಡಿ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲದ ಈ ಗೂಡನ್ನು ನೆಲದ ಮೇಲಿಟ್ಟರೆ ಶೆಡ್ಡಿನ ಅರ್ಧ ಜಾಗ ಹೋಗುತ್ತದೆ, ಅಂಚಿನ ರಬ್ಬರ್ ಅಪ್ಪಚ್ಚಿಯಾಗುತ್ತದೆ, ಇಲಿಗಳು ಸಂಸಾರ ಹೂಡುತ್ತವೆ. ಆದ್ದರಿಂದ ಸೂರಿಗೆ ತೂಗುಹಾಕಬಹುದೇ ಎಂದು ಕಟ್ಟಡ ವಿನ್ಯಾಸದ ಕೆಲಸ ಮಾಡುವ ನನ್ನಂಥವರನ್ನು ಜನ ಕೇಳುತ್ತಾರೆ. ತೂಗುಹಾಕಬಹುದು. ಆದರೆ ಭಾರವನ್ನು ಮೇಲಕ್ಕೆತ್ತುವುದು ಒಂದು ಕೆಲಸ, ಅದನ್ನು ತಿಂಗಳುಗಟ್ಟಲೆ ಅಲ್ಲೇ ಹಿಡಿದಿಡುವುದು ಇನ್ನೊಂದು ಕೆಲಸ. ಈ ಎರಡನ್ನೂ ಒಂದೇ ಸಾಧನಕ್ಕೆ ವಹಿಸುವುದರಲ್ಲಿಯೇ ಅಪಾಯವೆಲ್ಲ ಇದೆ.

ಮೊದಲು ತೂಕ ತಿಳಿಯಬೇಕು. ಹಿಂಬದಿ ಗಾಜಿನ ಬಾಗಿಲಿರುವ ಫೈಬರ್ ಕ್ಯಾನೊಪಿ ಸಾಮಾನ್ಯವಾಗಿ 60ರಿಂದ 100 ಕೆಜಿಯೊಳಗೆ ಇರುತ್ತದೆ. ಮೇಲೆ ಕ್ಯಾರಿಯರ್ ಇದ್ದರೆ ಅದೂ ಸೇರುತ್ತದೆ. ಇದನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ ಪ್ರಯೋಜನವಿಲ್ಲ, ಏಕೆಂದರೆ ಟನ್ನುಗಟ್ಟಲೆ ತೂಗಲೆಂದು ಮಾಡಿದ ಆ ಕಾಟಾದಲ್ಲಿ ಐದು ಹತ್ತು ಕೆಜಿಯ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಅಡಿಕೆ ಮಂಡಿಯಲ್ಲಿ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇದಕ್ಕೆ ಸರಿ. ಗಾಜು, ಬೀಗ, ಬಾಗಿಲ ಗ್ಯಾಸ್ ರಾಡುಗಳೆಲ್ಲ ಹಿಂಭಾಗದಲ್ಲೇ ಇರುವುದರಿಂದ ಭಾರದ ಕೇಂದ್ರವೂ ನಟ್ಟನಡುವೆ ಇರದೆ ಹಿಂದಕ್ಕೆ ಸರಿದಿರುತ್ತದೆ ಎಂಬುದನ್ನು ನೆನಪಿಡಬೇಕು.

90 ಕೆಜಿಯನ್ನು ನಾಲ್ಕು ಹಗ್ಗಕ್ಕೆ ಹಂಚಿದರೆ ತಲಾ ಇಪ್ಪತ್ತೆರಡೂವರೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಕ್ಯಾನೊಪಿ ಗಡುಸಾದ ವಸ್ತುವಾದ್ದರಿಂದ, ನಾಲ್ಕರಲ್ಲಿ ಒಂದು ಹಗ್ಗ ಕೊಂಚ ಉದ್ದವಾದರೂ ಸಾಕು, ಎದುರುಬದುರು ಮೂಲೆಯ ಎರಡೇ ಹಗ್ಗಗಳು ಬಹುಪಾಲು ಭಾರ ಹೊತ್ತು ಉಳಿದೆರಡು ಹೆಸರಿಗಷ್ಟೇ ಇರುತ್ತವೆ. ಆದ್ದರಿಂದ ಪ್ರತಿಯೊಂದು ಬಿಂದುವೂ ಅರ್ಧ ಭಾರವನ್ನು, ಅಂದರೆ 45 ಕೆಜಿಯನ್ನು ಹೊರುತ್ತದೆಂದು ತಿಳಿದು, ತಲೆಯ ಮೇಲೆ ತೂಗುವ ವಸ್ತುವಾದ್ದರಿಂದ ಅದರ ಐದು ಪಟ್ಟು ತಡೆಯುವಂತೆ ಜೋಡಿಸಬೇಕು ಎನ್ನುವುದು ನನ್ನ ನಿಲುವು.

ಇನ್ನು ಸೂರು. ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಇಷ್ಟು ಭಾರ ದೊಡ್ಡ ವಿಷಯವಲ್ಲ. ದೊಡ್ಡ ವಿಷಯವೆಂದರೆ ಬೋಲ್ಟ್ ಕೂರಿಸುವ ಬಗೆ. ಸ್ಲ್ಯಾಬಿನ ನಡುಭಾಗದ ತಳದಲ್ಲಿ ಕಾಂಕ್ರೀಟ್ ಎಳೆತಕ್ಕೆ ಒಳಗಾಗಿ ಕಣ್ಣಿಗೆ ಕಾಣದ ಸೀಳುಗಳು ಇರುತ್ತವೆ. ಅಲ್ಲಿ ಕೂರಿಸಿದ ಆಂಕರ್ ಬೋಲ್ಟ್ (ತೂತಿನೊಳಗೆ ಕಾಂಕ್ರೀಟನ್ನು ಕಚ್ಚಿ ಹಿಡಿಯುವ ಬೋಲ್ಟ್) ನೇರ ಕೆಳಕ್ಕೆ ಜಗ್ಗಿಸಿಕೊಳ್ಳುತ್ತದೆ. ಬೀಮ್ ಹತ್ತಿರವಿದ್ದರೆ ಅದರ ಪಕ್ಕದ ಮುಖಕ್ಕೆ ಅಡ್ಡಲಾಗಿ ಬೋಲ್ಟ್ ಹಾಕಿ ಆಂಗಲ್ ತುಂಡೊಂದನ್ನು ಬಿಗಿದು ತೂಗುಹಾಕುವುದು ಮೇಲು, ಏಕೆಂದರೆ ಆಗ ಬೋಲ್ಟ್ ಕಿತ್ತು ಬರುವ ಮಾತು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಡ್ರಿಲ್ ಮಾಡುವಾಗ ಮೊದಲು ಉದುರುವ ಪುಡಿ ಸಲೀಸಾಗಿ ಬರುತ್ತದೆ; ಅದು ಪ್ಲಾಸ್ಟರ್, ಅದರ ದಪ್ಪವನ್ನು ಆಳದ ಲೆಕ್ಕಕ್ಕೆ ಸೇರಿಸಬಾರದು. ಅದರ ಆಚೆ ಗಟ್ಟಿ ಕಾಂಕ್ರೀಟಿನಲ್ಲಿ, 10 ಮಿಮೀ ಬೋಲ್ಟ್‌ಗೆ, ಕನಿಷ್ಠ 50 ಮಿಮೀ ಆಳ ಬೇಕು. ನಡುವೆ ಬಿಟ್ ಮುಂದಕ್ಕೆ ಹೋಗದೆ ಕಿರ್ರೆಂದು ಸದ್ದು ಬದಲಾಯಿಸಿದರೆ ಕಂಬಿಗೆ ತಾಗಿದೆ ಎಂದರ್ಥ. ಅದನ್ನು ಕೊರೆಯುವ ಹಟ ಬಿಟ್ಟು ಆ ತೂತನ್ನು ಗ್ರೌಟ್ (ಸಿಮೆಂಟ್ ಗಾರೆ) ತುಂಬಿ ಮುಚ್ಚಿ, ಎರಡು ಮೂರು ಅಂಗುಲ ಪಕ್ಕಕ್ಕೆ ಸರಿಯಬೇಕು. ತೂತಿನೊಳಗಿನ ಪುಡಿಯನ್ನು ಊದಿ ಪೂರ್ತಿ ತೆಗೆಯದಿದ್ದರೆ ಬೋಲ್ಟ್ ಬಿಗಿಯಾದಂತೆ ತೋರಿ ಆಮೇಲೆ ಜಾರುತ್ತದೆ. ಗೋಡೆಗೆ ಫೋಟೊ ತೂಗುಹಾಕುವ ಪ್ಲಾಸ್ಟಿಕ್ ಪ್ಲಗ್ಗನ್ನಾಗಲಿ, ಫ್ಯಾನಿನ ಕೊಕ್ಕೆಯನ್ನಾಗಲಿ ಈ ಕೆಲಸಕ್ಕೆ ಬಳಸಕೂಡದು.

ಶೀಟ್ ಹೊದಿಸಿದ ಶೆಡ್ಡಿನ ಮಾತೇ ಬೇರೆ. ಕಟ್ಟಡದ ಮೇಲಿನ ಭಾರಗಳ ಲೆಕ್ಕಕ್ಕಿರುವ ಭಾರತೀಯ ಮಾನಕವಾದ ಐಎಸ್ 875 ಸಂಹಿತೆಯ ಎರಡನೆಯ ಭಾಗದ ಪ್ರಕಾರ ಜನ ಓಡಾಡದ, ಇಳಿಜಾರು ಕಡಿಮೆಯಿರುವ ಇಂಥ ಚಾವಣಿಗೆ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 75 ಕೆಜಿ ಮಾತ್ರ. ಅದೂ ಹರಡಿದ ಭಾರ, ಒಂದೆಡೆ ಜಗ್ಗುವ ಭಾರವಲ್ಲ. ನಮ್ಮಲ್ಲಿ ಬಹಳಷ್ಟು ಶೆಡ್ಡುಗಳನ್ನು ಲೆಕ್ಕವೇ ಇಲ್ಲದೆ ವೆಲ್ಡಿಂಗ್ ಅಂಗಡಿಯವರ ಅಂದಾಜಿನ ಮೇಲೆ ನಿಲ್ಲಿಸಿರುತ್ತಾರೆ. ಅಂಥ ಶೆಡ್ಡಿನ ಪರ್ಲಿನ್ನಿನ (ಶೀಟನ್ನು ಹೊರುವ ಅಡ್ಡ ತೊಲೆಯ) ನಡುವೆ ಕೊಕ್ಕೆ ಹಾಕಬಾರದು. ಚಿತ್ರದುರ್ಗದ ಕಡೆ ಆಷಾಢದ ಗಾಳಿ ಶೀಟನ್ನು ಎತ್ತೆತ್ತಿ ಒಗೆಯುವಾಗ ಬೋಲ್ಟುಗಳು ಸಡಿಲವಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮಾಳಿಗೆ ಮನೆಯ ಜಂತೆಗೂ, ಕಲ್ಲುಚಪ್ಪಡಿಯ ಸೂರಿಗೂ ಇದೇ ಉತ್ತರ. ಚಪ್ಪಡಿಯಲ್ಲಿ ಕಂಬಿಯಿಲ್ಲ, ಬಿರುಕು ಬಿಟ್ಟರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಇಂಥಲ್ಲೆಲ್ಲ ಸೂರನ್ನು ಮುಟ್ಟದೆ, ನೆಲದಿಂದ ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟೊಂದನ್ನು ನಿಲ್ಲಿಸಿ, ಕಾಲುಗಳ ನಡುವೆ ಓರೆಪಟ್ಟಿ ಹಾಕಿಸಿ, ಅದಕ್ಕೇ ತೂಗುಹಾಕಿ ಎನ್ನುತ್ತೇನೆ. ಖರ್ಚು ಹೆಚ್ಚು, ನಿಜ.

ಹಗ್ಗವನ್ನು ನೇರವಾಗಿ ಕ್ಯಾನೊಪಿಗೆ ಕಟ್ಟುವುದು ಸಲ್ಲದು. ನಾಲ್ಕು ಮೂಲೆಯ ಹಗ್ಗಗಳನ್ನು ಮೇಲೆ ಒಂದೇ ಕೊಕ್ಕೆಗೆ ಸೇರಿಸಿದಾಗ ಅವು ಓರೆಯಾದಷ್ಟೂ ಎಳೆತ ಏರುತ್ತದೆ. ಎರಡು ಹಗ್ಗಗಳ ಲೆಕ್ಕದಲ್ಲಿ ಹೇಳುವುದಾದರೆ, ಅವು ಅಡ್ಡಗೆರೆಗೆ 30 ಡಿಗ್ರಿಯಷ್ಟು ಚಪ್ಪಟೆಯಾದಾಗ ಒಂದೊಂದು ಹಗ್ಗದ ಎಳೆತವೂ ಪೂರ್ತಿ ಭಾರದಷ್ಟಾಗುತ್ತದೆ, ಜೊತೆಗೆ ಫೈಬರಿನ ಪಕ್ಕಗಳನ್ನು ಒಳಕ್ಕೆ ಹಿಸುಕುತ್ತದೆ. ಕ್ಯಾನೊಪಿಗಿಂತ ಅಗಲವಾದ ಎರಡು ಚೌಕ ಪೈಪುಗಳನ್ನು ರಬ್ಬರ್ ಸುತ್ತಿ ಅಡಿಯಲ್ಲಿ ಅಡ್ಡಲಾಗಿ ತೂರಿಸಿ, ಆ ಪೈಪುಗಳ ತುದಿಯಿಂದ ನೆಟ್ಟಗೆ ಮೇಲಕ್ಕೆ ಹಗ್ಗ ಒಯ್ದರೆ ಈ ತೊಂದರೆಗಳಿಲ್ಲ. ಬ್ರೇಕ್ ಲೈಟಿನ ವೈರ್ ಕಳಚಿ, ಹಿಂಬಾಗಿಲಿಗೆ ಬೀಗ ಹಾಕಿ, ಕ್ಲ್ಯಾಂಪುಗಳೆಲ್ಲ ಬಿಚ್ಚಿವೆಯೇ ಎಂದು ನೋಡಿದ ಮೇಲೆ, ಮೊದಲು ಅರ್ಧ ಅಡಿ ಮಾತ್ರ ಎತ್ತಿ ಸಮತೋಲ ನೋಡಬೇಕು. ಹಿಂದಕ್ಕೆ ವಾಲಿದರೆ ಇಳಿಸಿ ಪೈಪುಗಳನ್ನು ಸರಿಸಬೇಕು.

ಎತ್ತಲು ಸರಪಳಿ ಎಳೆದು ಭಾರವೆತ್ತುವ ಚೈನ್ ಬ್ಲಾಕ್, ಕೈಯಿಂದ ತಿರುಗಿಸುವ ಬ್ರೇಕ್ ಇರುವ ವಿಂಚ್, ರಾಟೆ, ಯಾವುದಾದರೂ ಆದೀತು. ಆದರೆ ಎತ್ತಿದ ಮೇಲೆ ಭಾರವನ್ನು ಅದರ ಮೇಲೆಯೇ ಬಿಡಬಾರದು. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಗಂಟು ಹಾಕಿದಲ್ಲಿ ಯಾವ ಹಗ್ಗವಾದರೂ ಬಲ ಕಳೆದುಕೊಳ್ಳುತ್ತದೆ, ಗೊಬ್ಬರದಂಗಡಿಯ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ವಿಂಚಿನ ಬ್ರೇಕಿನ ಮೇಲೆ ದಾವಣಗೆರೆಯ ಧೂಳು ಕೂರುತ್ತದೆ. ಪೈಪಿನ ನಾಲ್ಕು ತುದಿಗೂ ಪ್ರತ್ಯೇಕ ಬೋಲ್ಟಿನಿಂದ ಇಳಿಬಿಟ್ಟ ಸರಪಳಿಯನ್ನು ಡಿ ಶ್ಯಾಕಲ್‌ನಿಂದ (ಪಿನ್ ಹಾಕಿ ಬಾಯಿ ಮುಚ್ಚುವ ಡಿ ಆಕಾರದ ಕೊಂಡಿಯಿಂದ) ಸೇರಿಸಿ, ಟರ್ನ್‌ಬಕಲ್‌ನಿಂದ (ತಿರುಗಿಸಿ ಉದ್ದ ಹೊಂದಿಸುವ ತಿರುಪಿನಿಂದ) ನಾಲ್ಕನ್ನೂ ಸಮನಾಗಿ ಬಿಗಿದು, ವಿಂಚನ್ನು ಒಂದಿಷ್ಟು ಸಡಿಲಿಸಿ ಭಾರವನ್ನು ಸರಪಳಿಗೆ ದಾಟಿಸಬೇಕು. ತೆರೆದ ಬಾಯಿಯ ಎಸ್ ಕೊಕ್ಕೆ ಬೇಡ. ಅಲುಗಾಟಕ್ಕೆ ಅದು ತಾನಾಗಿ ಕಳಚಿಕೊಳ್ಳುತ್ತದೆ.

ಪಿಕಪ್ಪನ್ನು ರಿವರ್ಸಿನಲ್ಲಿ ಒಳಗೆ ತಂದು, ಟ್ರೇ ನಿಲ್ಲುವ ಜಾಗದ ನೆತ್ತಿಗೇ ತೂಗುಬಿಂದುಗಳನ್ನು ಗುರುತಿಸುವುದು ಅನುಕೂಲ. ಆರಡಿ ಎತ್ತರದ ಕ್ಯಾಬಿನ್ ಕ್ಯಾನೊಪಿಯ ಕೆಳಗೆ ಹಾದುಹೋಗುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ ಒಂಬತ್ತಡಿಯ ಸೂರಿನಲ್ಲೂ ಕೆಲಸ ನಡೆಯುತ್ತದೆ. ಹಿಂಚಕ್ರ ತಡೆದು ನಿಲ್ಲಲು ನೆಲಕ್ಕೊಂದು ಅಡ್ಡಪಟ್ಟಿ ಹಾಕಿಸಿದರೆ ಪ್ರತಿಸಲ ಅಳತೆ ಹುಡುಕಬೇಕಿಲ್ಲ.

ಕೆಳಗಿಳಿಸುವ ದಿನ ಹಗ್ಗ, ರಾಟೆ, ಬ್ರೇಕುಗಳನ್ನು ಒಮ್ಮೆ ಕಣ್ಣಾಡಿಸಿ, ಮೊದಲು ವಿಂಚಿನಿಂದ ಒಂದಂಗುಲ ಮೇಲಕ್ಕೆತ್ತಿ ಸರಪಳಿಗಳೆಲ್ಲ ಸಡಿಲವಾದ ಮೇಲೆಯೇ ಶ್ಯಾಕಲ್ ಬಿಚ್ಚಬೇಕು. ಭಾರ ಇರುವ ಶ್ಯಾಕಲ್ಲನ್ನು ಸುತ್ತಿಗೆಯಿಂದ ಬಡಿದು ಬಿಡಿಸಬಾರದು, ಬಿಚ್ಚುವವರು ಕ್ಯಾನೊಪಿಯ ಅಡಿಯಲ್ಲಿ ನಿಲ್ಲದೆ ಪೈಪಿನ ತುದಿಯ ಹೊರಮಗ್ಗುಲಲ್ಲಿ ನಿಂತಿರಬೇಕು.